ಅಮ್ಮಾಜಮ್ಮನ ಅಳತೆಯ ಸೋಫಾ

ಕೋದಂಡಪ್ಪನ ಮನೆಗೆ ಸೋಫಾ ಬೇಕೆಂಬ ಮಾತು ಹುಟ್ಟಿದ್ದು ಎದುರು ಮನೆಯ ಮುನಿಸ್ವಾಮಪ್ಪನ ದೆಸೆಯಿಂದ. ಯುಗಾದಿಗೆ ಮುನಿಸ್ವಾಮಪ್ಪ ಒಂದು ಸೋಫಾ ತಂದ. ತಂದವನು ಬಾಗಿಲು ಹಾಕಿಕೊಂಡು ಕೂತನೇ? ಎಲ್ಲಿಂದ ಬಂತು! ಎರಡು ಬಾಗಿಲನ್ನೂ ಅಗಲಕ್ಕೆ ತೆರೆದಿಟ್ಟು, ಬೀದಿಯಲ್ಲಿ ಹೋಗುವ ನಾಯಿಗೂ ಕಾಣುವ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತ. ಈಚೆ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಿದ್ದ ಕೋದಂಡಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಎರಡು ತಿಂಗಳು ಅವನು ಉರಿದುಕೊಂಡದ್ದನ್ನು ನೋಡಿ ನೋಡಿ ಮನೆಯವರಿಗೆಲ್ಲ ಸಾಕಾಗಿ ಹೋಯಿತು.

"ನಾವೂ ತರಾನ," ಅಂದ ಒಂದು ದಿನ. "ಅವನ್ದೂ ಒಂದು ಸೋಫಾನಾ? ನಮ್ದು ಒಳ್ಳೇ ಕ್ವಾಲಿಟೀದಿರ್ಬೇಕು. ಕುಂತ್ರೆ ಸೊಂಟದ ಗಂಟ ಒಳಕ್ಕೆ ಓಗ್ಬೇಕು, ಅಂಗೆ ಮೆತ್ತಗಿರ್ಬೇಕು. ಬಣ್ಣ ಕೆಂಪು."

ಕಾಮಸಮುದ್ರದ ರಸ್ತೆಯಲ್ಲಿರುವ ಆ ಹಳ್ಳಿಯಲ್ಲಿ ಕೋದಂಡಪ್ಪನಿಗೆ ಇರುವುದು ಒಂದು ತುಂಡು ರಾಗಿ ಹೊಲ. ಮನೆ ನಡೆಯುವುದು ಹೆಂಡತಿ ಅಮ್ಮಾಜಮ್ಮನ ಎರಡು ಸೀಮೆ ಹಸುಗಳಿಂದ. ಬೆಳಿಗ್ಗೆ ಸಗಣಿ ಬಾಚುವುದರಿಂದ ಹಿಡಿದು ಸಂಜೆ ಡೇರಿಗೆ ಹಾಲು ಹಾಕುವ ತನಕ ಎಲ್ಲ ಅವಳದೇ ಕೈ. ಹಾಲಿನ ಬಿಲ್ಲು ಬರುವುದೂ ಅವಳ ಹೆಸರಿಗೆ, ಸೋಫಾ ಬರಬೇಕಾದದ್ದೂ ಆ ದುಡ್ಡಿನಲ್ಲೇ. ಆದರೂ ಸೋಫಾ ಯಾರಿಗೆ ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳಿಗೂ ಕೇಳಬೇಕು ಅನ್ನಿಸಲಿಲ್ಲ. ಯಜಮಾನರಿಗೆ, ಇನ್ಯಾರಿಗೆ!

ಇಲ್ಲೊಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ. ಅಮ್ಮಾಜಮ್ಮ ಎತ್ತರದ ಹೆಂಗಸು, ಕೋದಂಡಪ್ಪ ಕುಳ್ಳ. ಮದುವೆಯ ದಿನ ತಾಳಿ ಕಟ್ಟಲು ನಿಂತಾಗ ಗಂಡಿನ ತಲೆ ಹೆಣ್ಣಿನ ಕಿವಿಯ ಹತ್ತಿರಕ್ಕೆ ಬಂತು. ನೆರೆದ ಜನ ಕಿಸಕ್ಕೆಂದದ್ದೇ ತಡ, ಗಂಡಿನ ತಾಯಿ "ಒಂದು ಮಣೆ ತತ್ತೀರೇನ್ರೋ" ಎಂದು ಕೂಗಿ, ಮಗನನ್ನು ಮಣೆ ಹತ್ತಿಸಿ ತಾಳಿ ಕಟ್ಟಿಸಿದಳು. ಹೊಸ ಸೊಸೆ ಹೊಸ್ತಿಲು ದಾಟಿದ ದಿನವೇ ಅತ್ತೆ ಕಟ್ಟಳೆ ಹಾಕಿದಳು. ಗಂಡನ ತಲೆಗಿಂತ ಮೇಲೆ ನಿನ್ನ ತಲೆ ಕಾಣಬಾರದು. ಅವನು ಕುರ್ಚಿಯಲ್ಲಿದ್ದರೆ ನೀನು ನೆಲದ ಮೇಲೆ, ಅವನು ನೆಲದ ಮೇಲಿದ್ದರೆ ನೀನು ಅಡುಗೆಮನೆಯಲ್ಲಿ. ನಿಂತು ಮಾತಾಡಬೇಕಾದರೆ ಬಗ್ಗಿ ಮಾತಾಡು. ಆ ಅತ್ತೆ ಸತ್ತು ಇಪ್ಪತ್ತು ವರ್ಷವಾಯಿತು, ಕಟ್ಟಳೆ ಮಾತ್ರ ಗಟ್ಟಿಮುಟ್ಟಾಗಿ ಬದುಕಿತ್ತು. ನಲವತ್ತೊಂದು ವರ್ಷ ಬಗ್ಗಿ ಬಗ್ಗಿ ಅಮ್ಮಾಜಮ್ಮನ ಬೆನ್ನೇ ಹಾಗೆ ನಿಂತುಬಿಟ್ಟಿತ್ತು. ಆ ಮಣೆಯನ್ನೂ ಯಾರೂ ಬಿಸಾಡಿರಲಿಲ್ಲ, ಅಟ್ಟದ ಮೇಲೆ ಇತ್ತು.

ಈಗ ಅವಳ ಮಂಡಿ ಕೈಕೊಟ್ಟಿತ್ತು. ಸೊಸೆ ಇಂದ್ರಾಣಿಯೇ ಕೆಜಿಎಫ್‌ಗೆ, ರಾಬರ್ಟ್‌ಸನ್‌ಪೇಟೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಡಾಕ್ಟರು ಮಂಡಿ ಒತ್ತಿ ನೋಡಿ, "ಅಮ್ಮಾ, ಇನ್ಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲ, ಕುಕ್ಕರಗಾಲಲ್ಲೂ ಕೂರೋ ಹಾಗಿಲ್ಲ. ಎತ್ತರವಾಗಿ ಗಟ್ಟಿಯಾಗಿರೋದರ ಮೇಲೆ ಕೂತ್ಕೊಳ್ಳಿ. ಇಲ್ಲಾಂದ್ರೆ ಮಂಡಿ ಪೂರ್ತಿ ಹೋಗುತ್ತೆ, ಆಮೇಲೆ ನೀವು ನಡೆಯೋದೇ ಕಷ್ಟ," ಅಂದಿದ್ದರು.

ಮನೆಗೆ ಬಂದರೆ ಕೋದಂಡಪ್ಪ ಬೆಳಗಿನಿಂದ ಸಂಜೆಯವರೆಗೆ ನಡುಮನೆಯ ಕುರ್ಚಿಯಲ್ಲಿ. ನೆಲದ ಮೇಲೆ ಕೂರಬೇಡ ಎಂದು ಡಾಕ್ಟರು ಹೇಳಿದ್ದಾರೆ, ಕುರ್ಚಿಯ ಮೇಲೆ ಕೂರಬೇಡ ಎಂದು ಸತ್ತ ಅತ್ತೆ ಹೇಳಿದ್ದಾಳೆ. ಇನ್ನು ಉಳಿದದ್ದೇನು? ಅಮ್ಮಾಜಮ್ಮ ನಿಂತಳು. ನಿಂತೇ ಸೊಪ್ಪು ಬಿಡಿಸಿದಳು, ಗೋಡೆಗೆ ಒರಗಿ ನಿಂತೇ ಮುದ್ದೆ ನುಂಗಿದಳು. ಅವಳು ಕೂರುತ್ತಿದ್ದ ಜಾಗ ಒಂದೇ, ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಕವುಚಿ ಹಾಕಿಕೊಳ್ಳುವ ಬಕೆಟ್ಟು. ಹಸುವಿಗೆ ಅವಳ ತಲೆ ಎಷ್ಟು ಎತ್ತರಕ್ಕಿದೆ ಎಂಬ ಚಿಂತೆ ಇರಲಿಲ್ಲವಲ್ಲ.

ಇಂದ್ರಾಣಿ ಇದೆಲ್ಲವನ್ನೂ ನೋಡುತ್ತಿದ್ದಳು. ಏಳು ವರ್ಷದಿಂದ ಅವಳು ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಒಂದು ಸೋಫಾ ಕಾರ್ಖಾನೆಗೆ ಹೋಗಿ ಬಟ್ಟೆ ಕತ್ತರಿಸಿ ಹೊಲಿಯುವ ಕೆಲಸ ಮಾಡುತ್ತಿದ್ದಳು. ಮೊದಮೊದಲು ಅಮ್ಮಾಜಮ್ಮ ಅದಕ್ಕೆ ಬಾಯಿ ಮಾಡಿದವಳೇ. ಅಷ್ಟು ದೂರ ಹೋಗಿ ಈ ಹುಡುಗಿ ಏನು ಕಡಿದು ಕಟ್ಟೆ ಹಾಕುತ್ತಾಳೆ ಎಂದು ಅಂದುಕೊಂಡಿದ್ದಳು. ಸೋಫಾ ತರುವ ಮಾತು ಬಂದಾಗ ಇಂದ್ರಾಣಿ, "ನಾನು ಓಗಿ ತತ್ತೀನಿ ಮಾವ. ಅತ್ತಮ್ಮನೂ ಬರ್ಲಿ," ಅಂದಳು.

"ಅವಳ್ಯಾಕೆ? ಅವಳ್ಗೇನ್ ಗೊತ್ತಾಯ್ತದೆ?" ಅಂದ ಕೋದಂಡಪ್ಪ.

"ದುಡ್ಡು ಅವರ್ದಲ್ವಾ ಮಾವ," ಅಂದಳು ಇಂದ್ರಾಣಿ, ನಗುತ್ತಲೇ.

ಭಾನುವಾರ ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ಬಂಗಾರಪೇಟೆಯಲ್ಲಿ ಇಳಿದರು. ಪೇಟೆಯ ನಡುವೆ ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸಾಯಿಕುಮಾರ್ ಅದರ ಮಾಲೀಕ. ಬಾಗಿಲು ತಳ್ಳಿ ಬಂದ ಇಬ್ಬರನ್ನೂ ನೋಡಿ, ಅವರ ಹಿಂದೆ ನೋಡಿ, "ಗಂಡಸ್ರು ಯಾರೂ ಬಂದಿಲ್ವಾ?" ಅಂದ.

"ಸೋಫಾನ ಗಂಡಸ್ರಿಗೆ ಮಾತ್ರ ತೋರಿಸ್ತೀರಾ?" ಅಂದಳು ಇಂದ್ರಾಣಿ.

ಅವನು ಹಲ್ಲು ಕಿರಿದು ಒಂದು ಕೆಂಪು ಸೋಫಾದ ಮುಂದೆ ನಿಲ್ಲಿಸಿದ. ನೋಡುವುದಕ್ಕೆ ಮದುಮಗಳ ಹಾಗಿತ್ತು, ಅಂಚಿಗೆಲ್ಲ ಹೊಂಬಣ್ಣದ ಪಟ್ಟಿ. ಅಮ್ಮಾಜಮ್ಮನಿಗೆ ಯಜಮಾನರು ಕೇಳಿದ್ದು ಇದೇ ಅನ್ನಿಸಿತು. ಆದರೆ ಇಂದ್ರಾಣಿ ಬಣ್ಣ ನೋಡಲೇ ಇಲ್ಲ. ಸೆರಗು ಸಿಕ್ಕಿಸಿಕೊಂಡು ಸೋಫಾದ ಮುಂದಿನ ಒಂದು ಮೂಲೆಯನ್ನು ಹಿಡಿದು ಗೇಣುದ್ದ ಮೇಲಕ್ಕೆತ್ತಿದಳು. ಇನ್ನೊಂದು ಮೂಲೆಯ ಕಾಲು ನೆಲ ಬಿಟ್ಟು ಏಳಲೇ ಇಲ್ಲ.

"ನೋಡಿದ್ರಾ ಅತ್ತಮ್ಮ? ಚೌಕಟ್ಟು ಗಟ್ಟಿಯಿದ್ರೆ ಇದ್ರ ಜತೆಗೆ ಅದೂ ಏಳ್ಬೇಕು. ಒಳಗೆಲ್ಲ ಸಡ್ಲ. ಒಂದು ವರ್ಷಕ್ಕೆ ಕಿರ್ ಕಿರ್ ಅಂತದೆ."

"ಹಾಗೆಲ್ಲ ಎತ್ತಬಾರ್ದು ಮೇಡಂ," ಅಂದ ಸಾಯಿಕುಮಾರ್.

"ಈ ದಿಂಬಿನ ಜಿಪ್ ತೆಗೀರಿ."

"ಜಿಪ್ ತೆಗೆಯೋ ಹಾಗಿಲ್ಲ."

"ಒಳಗೇನೈತೆ ಅಂತ ನೋಡ್ದೆ ತಗೊಂಡೋಗಕ್ಕೆ ಇದೇನು ಲಾಟರಿನಾ?" ಎಂದು ಇಂದ್ರಾಣಿ ತಾನೇ ಜಿಪ್ಪು ಎಳೆದು ಕೈ ಹಾಕಿದಳು. ಮೇಲೆ ಒಂದು ಪದರ ಒಳ್ಳೆಯ ಫೋಮು. ಅದರ ಕೆಳಗೆ ಬಣ್ಣಬಣ್ಣದ ಚೂರುಪಾರು. "ಇದು ನಮ್ಮ ಕಾರ್ಖಾನೇಲಿ ನಾವು ಸಾಯಂಕಾಲ ಗುಡ್ಸಿ ಮೂಟೆ ಕಟ್ಟೋ ಚೂರು. ಇದಕ್ಕೆ ಕೆಂಪು ಬಟ್ಟೆ ಒದಿಸಿ ಕೂರ್ಸಿದೀರಾ? ಭಲೇ!"

ಅಮ್ಮಾಜಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಮನೆಯಲ್ಲಿ ತಲೆ ತಗ್ಗಿಸಿ ಕಾಫಿ ಕೊಡುವ ಈ ಹುಡುಗಿ ಇಲ್ಲಿ ಗಾಜಿನ ಅಂಗಡಿಯವನ ಬೆವರಿಳಿಸುತ್ತಿದ್ದಾಳೆ. ಏಳು ವರ್ಷ ಇವಳು ಕಲಿತದ್ದು ಇದಾ? ಅವಳ ಎದೆ ಉಬ್ಬಿತು, ಜೊತೆಗೆ ಹಿಂದೆ ಬಾಯಿ ಮಾಡಿದ್ದಕ್ಕೆ ನಾಚಿಕೆಯೂ ಆಯಿತು.

ನಿಂತು ನಿಂತು ಅವಳ ಮಂಡಿ ಸಿಡಿಯುತ್ತಿತ್ತು. ಯಾರೂ ನೋಡುತ್ತಿಲ್ಲವೆಂದು ಪಕ್ಕದ ಇನ್ನೊಂದು ಸೋಫಾದ ಮೇಲೆ ಮೆಲ್ಲಗೆ ಕೂತಳು. ಕೂತದ್ದೇ ತಪ್ಪಾಯಿತು. ಸೋಫಾ ಅವಳನ್ನು ಸೊಂಟದವರೆಗೆ ನುಂಗಿಬಿಟ್ಟಿತು. ಮಂಡಿ ಗಲ್ಲಕ್ಕೆ ಬಂತು. ಕೈಯೂರಿ ಏಳಲು ನೋಡಿದಳು, ಕೈಯೂ ಒಳಕ್ಕೆ ಹೋಯಿತು. ಕೊನೆಗೆ ಇಂದ್ರಾಣಿ ಓಡಿ ಬಂದು ಎರಡು ಕೈ ಹಿಡಿದು ಎಳೆದಳು. ನೋವಿಗೆ ಅಮ್ಮಾಜಮ್ಮನ ಕಣ್ಣಲ್ಲಿ ನೀರು ಬಂತು.

ಸಾಯಿಕುಮಾರ್ ನಕ್ಕ. ಇಂದ್ರಾಣಿಯ ಮೇಲಿದ್ದ ಸಿಟ್ಟನ್ನೆಲ್ಲ ಸೇರಿಸಿ ನಕ್ಕ. "ಅಜ್ಜಿಗ್ಯಾಕೆ ಈ ವಯಸ್ಸಲ್ಲಿ ಸೋಫಾ? ಮೂಲೇಲಿ ಒಂದು ಚಾಪೆ ಹಾಸ್ಕೊಡಿ, ಆರಾಮಾಗಿರ್ತಾರೆ. ಸೋಫಾ ಯಜಮಾನ್ರಿಗೆ ತಾನೇ?"

ಅದೇ ಮಾತನ್ನು ಮನೆಯಲ್ಲಿ ಯಾರಾದರೂ ಅಂದಿದ್ದರೆ ಅಮ್ಮಾಜಮ್ಮ ಹೌದಲ್ಲ ಎಂದು ಸುಮ್ಮನಾಗುತ್ತಿದ್ದಳು. ಊರಿಗೆ ಗೊತ್ತಿಲ್ಲದ, ಹೆಸರು ಗೊತ್ತಿಲ್ಲದ ಒಬ್ಬ ಅಂಗಡಿಯವನ ಬಾಯಲ್ಲಿ ಅದು ಬಂದಾಗ ಅವಳಿಗೆ ಮೈಯೆಲ್ಲ ಧಗ್ ಎಂದಿತು. ತಾನು ಇಷ್ಟು ದಿನ ನುಂಗಿಕೊಂಡು ಬಂದ ಮಾತು ಎಂಥದೆಂದು ಅವಳಿಗೆ ಮೊದಲ ಸಲ ಕೇಳಿಸಿತು.

"ಏನ್ಲಾ ಅಂದೆ?" ಅಂದಳು. ಆ ದನಿ ತನ್ನದೇ ಎಂದು ನಂಬುವುದಕ್ಕೆ ಅವಳಿಗೂ ಒಂದು ಗಳಿಗೆ ಬೇಕಾಯಿತು. "ಅಸು ಮೇಯ್ಸೋಳು ನಾನು, ಆಲು ಕರೆಯೋಳು ನಾನು. ನನ್ ದುಡ್ಡಲ್ಲಿ ಸೋಫಾ ತಗಂಡು ನಾನು ಚಾಪೆ ಮೇಲೆ ಬಿದ್ದಿರ್ಬೇಕಾ? ನಿನ್ ಚೂರುಪಾರು ನೀನೇ ಮಡಿಕ್ಕ. ನಡಿಯಮ್ಮಿ ಇಂದ್ರಾಣಿ."

ಹೊರಗೆ ಬಂದ ಮೇಲೆ ಇಂದ್ರಾಣಿ ಅವಳನ್ನು ಪಾನಿಪುರಿ ಗಾಡಿಯ ಹತ್ತಿರ ಗೋಡೆಗೆ ಒರಗಿಸಿ ನಿಲ್ಲಿಸಿ, ಕೈಗೊಂದು ತಟ್ಟೆ ಕೊಟ್ಟಳು. ಬಂಗಾರಪೇಟೆಯ ಆ ಬಿಳಿ ಪಾನಿಯ ಖಾರ ನೆತ್ತಿಗೇರಿ ಅತ್ತೆಯ ಕಣ್ಣು ಮೂಗು ಎರಡೂ ಸುರಿದವು. ಈಗ ಅತ್ತರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅತ್ತಮ್ಮ, ಒಂದು ಮಾತು ಏಳ್ತೀನಿ, ಬೈಬ್ಯಾಡಿ," ಅಂದಳು ಇಂದ್ರಾಣಿ. "ಮಾವ ಕೇಳಿದ್ರು ಅಂತ ನಾನು ಬಂದಿಲ್ಲ. ಡಾಕ್ಟರು ಏಳಿದ್ರಲ್ಲ, ಅದಕ್ಕೆ ಬಂದೆ. ಸೋಫಾ ನಿಮಗೆ."

"ನಿಂಗೇನ್ ತಲೆ ಕೆಟ್ಟೈತಾ? ನಿಮ್ಮಾವ ಅದ್ರ ಮೇಲೆ ಕುಂತಿರ್ತಾರೆ. ಅವ್ರ ಮುಂದೆ ನಾನೆಂಗೆ ಕುಂತ್ಕಳ್ಳಿ?"

"ಮೂರು ಜನದ ಸೋಫಾ ಕಣತ್ತಮ್ಮ. ಮೂರು ಕಡೇನೂ ಅವ್ರೊಬ್ರೇ ಕುಂತ್ಕಂತಾರಾ?"

ಅಮ್ಮಾಜಮ್ಮ ಬೈಯಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಪಾನಿಯನ್ನು ಕುಡಿದು, ಬಾಯಿ ಒರೆಸಿಕೊಂಡು, "ಅದೆಲ್ಲ ಆಗೋ ಮಾತಲ್ಲ," ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಬೇರೆ ಅಂಗಡಿ ಎಲ್ಲೈತೆ?" ಅಂದಳು.

ಇಂದ್ರಾಣಿ ಅವಳನ್ನು ಕೆಜಿಎಫ್ ಬಸ್ಸು ಹತ್ತಿಸಿದಳು. ಆಂಡರ್ಸನ್‌ಪೇಟೆಯ ಒಂದು ಗಲ್ಲಿಯಲ್ಲಿ ಸುಬ್ರಮಣಿಯ ಶೆಡ್ಡು. ಅವನು ಅಂಗಡಿ ಇಟ್ಟವನಲ್ಲ, ಕೇಳಿದವರಿಗೆ ಮಾಡಿಕೊಡುವವನು. ಅಪ್ಪ ಗಣಿಯಲ್ಲಿ ಮರಗೆಲಸದವನಾಗಿದ್ದ, ಮಗ ಸೋಫಾ ಹಿಡಿದ. ಯಾವುದೋ ಹಳೆಯ ಬಂಗಲೆ ಕೆಡವಿದಾಗ ತಂದ ತೇಗದ ತೊಲೆಗಳು ಗೋಡೆಗೆ ಒರಗಿದ್ದವು. ಇಂದ್ರಾಣಿ ಒಂದನ್ನು ಉಗುರಿನಿಂದ ಗೀರಿ, ಮೂಸಿ ನೋಡಿ ತಲೆಯಾಡಿಸಿದಳು. ಫೋಮಿನ ಹಲಗೆಯನ್ನು ಮುಷ್ಟಿಯಿಂದ ಗುದ್ದಿದಳು, ಗುದ್ದಿದ ಗುಳಿ ಕೈ ತೆಗೆಯುತ್ತಲೇ ತುಂಬಿಕೊಂಡಿತು. ಸೀಟಿನ ಕೆಳಗಿನ ಪಟ್ಟಿ ಎಷ್ಟು ಹತ್ತಿರ ಹತ್ತಿರ ಎಳೆಯುತ್ತೀರಿ, ಮೊಳೆಯಾ ಸ್ಕ್ರೂವಾ, ಮೂಲೆಗೆ ಆಸರೆಯಾಗಿ ಮರದ ತುಂಡು ಕೊಡುತ್ತೀರಾ ಎಂದು ಒಂದೊಂದೇ ಕೇಳಿದಳು. ಸುಬ್ರಮಣಿ ಪೊಲೀಸರ ಮುಂದೆ ನಿಂತವನ ಹಾಗೆ ಉತ್ತರ ಕೊಟ್ಟ. ಕೊನೆಗೆ ನಗುತ್ತಾ, ತಮಿಳು ಬೆರೆತ ಕನ್ನಡದಲ್ಲಿ, "ಅಮ್ಮಾ, ನೀವು ಇದೇ ಲೈನಾ? ಮೊದಲೇ ಸೊಲ್ಲಬಾರದಾ?" ಅಂದ. ಆಮೇಲೆ ಕುತ್ತಿಗೆಯಲ್ಲಿದ್ದ ಟೇಪು ತೆಗೆದು, "ಸರಿ, ಯಾರ ಅಳತೆಗೆ ಮಾಡ್ಲಿ? ಎತ್ತರ ಯಾರಿಗೆ ಸರಿಹೋಗ್ಬೇಕು?" ಅಂದ.

ಇಂದ್ರಾಣಿ ಸುಮ್ಮನೆ ಅತ್ತೆಯ ಮುಖ ನೋಡಿದಳು. ತಾನು ಹೇಳಬಹುದಾಗಿತ್ತು, ಹೇಳಲಿಲ್ಲ.

ಅದೇ ಹೊತ್ತಿಗೆ ಅಮ್ಮಾಜಮ್ಮನ ಚೀಲದಲ್ಲಿದ್ದ ಫೋನು ಬಡಿದುಕೊಂಡಿತು. ಕೋದಂಡಪ್ಪ. "ಏನೇ, ಸಿಕ್ತಾ? ಮೆತ್ತಗೈತಾ? ಕೆಂಪು ತಾನೇ? ನಂಗೆ ಅನುಕೂಲ ಆಗೋ ಅಂಗೆ ನೋಡ್ಕಂಡು ತಗಳ್ರೇ. ಮುನಿಸ್ವಾಮಪ್ಪಂಗೆ ಆಗ್ಲೇ ಏಳ್ಬಿಟ್ಟಿದೀನಿ. ಅಲೋ? ಕೇಳಿಸ್ತಾ? ಅಲೋ?"

ಶೆಡ್ಡಿನಲ್ಲಿ ಒಂದು ನೊಣ ಹಾರಿದರೂ ಕೇಳಿಸುವಷ್ಟು ಮೌನ. ಅಮ್ಮಾಜಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಇಲ್ಲಿ ಮೆಸೀನ್ ಸದ್ದು. ಏನೂ ಕೇಳಿಸ್ತಿಲ್ಲ," ಎಂದಳು. ಎಂದವಳೇ ಕೆಂಪು ಗುಂಡಿ ಒತ್ತಿದಳು. ನಲವತ್ತೊಂದು ವರ್ಷದಲ್ಲಿ ಅವಳು ಗಂಡನ ಮಾತನ್ನು ನಡುವೆ ತುಂಡು ಮಾಡಿದ್ದು ಅದೇ ಮೊದಲು.

"ನಂದೇ ತಗಳಪ್ಪ ಅಳತೆ," ಅಂದಳು.

ಸುಬ್ರಮಣಿ ಮರದ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಫೋಮು ಹಾಕಿ ಅವಳನ್ನು ಕೂರಿಸಿದ. ಎಲ್ಲರಿಗೂ ಮಾಡುವ ಹದಿನಾರು ಇಂಚು. ಅವಳು ಏಳುವಾಗ ಹಲ್ಲು ಕಚ್ಚಿದಳು. ಒಂದು ಹಲಗೆ ಸೇರಿಸಿದ, ಮತ್ತೆ ಕೂರಿಸಿದ. ಮತ್ತೊಂದು ಸೇರಿಸಿದ. "ಬಗ್ಗಬೇಡಿ ಅಮ್ಮಾ, ಬೆನ್ನು ನೇರ ಇಡಿ. ನೀವು ಬಗ್ಗಿದ್ರೆ ಅಳತೆ ತಪ್ಪೋಗುತ್ತೆ," ಅಂದ. ಅಮ್ಮಾಜಮ್ಮ ಬೆನ್ನನ್ನು ನೇರ ಮಾಡಿದಳು. ಎಲ್ಲೆಲ್ಲೋ ಮೂಳೆ ಲಟಲಟ ಅಂದವು. ಇಪ್ಪತ್ತು ಇಂಚಿಗೆ ಬಂದಾಗ ಅವಳು ಯಾವುದನ್ನೂ ಹಿಡಿದುಕೊಳ್ಳದೆ, ಯಾರನ್ನೂ ಕರೆಯದೆ, ಸುಮ್ಮನೆ ಎದ್ದು ನಿಂತಳು. ಮಂಡಿಗೆ ತಾನು ಕೂತಿದ್ದೆ ಎಂಬುದೇ ಗೊತ್ತಾಗಲಿಲ್ಲ. ಸಂತೋಷಕ್ಕೆ ಅವಳು ಇನ್ನೊಂದು ಸಲ ಕೂತಳು, ಇನ್ನೊಂದು ಸಲ ಎದ್ದಳು.

"ನೀವು ಇಷ್ಟು ಎತ್ತರ ಇದೀರಾ ಅಮ್ಮಾ!" ಅಂದ ಸುಬ್ರಮಣಿ, ಕತ್ತೆತ್ತಿ ನೋಡುತ್ತಾ. "ಬರುವಾಗ ಗೊತ್ತೇ ಆಗ್ಲಿಲ್ಲ."

"ಇದೀನಿ," ಅಂದಳು ಅಮ್ಮಾಜಮ್ಮ.

"ಬಟ್ಟೆ ಯಾವ ಬಣ್ಣ? ಕೆಂಪಾ?"

"ಕೆಂಪು ಬ್ಯಾಡ. ಅಲ್ಲೈತಲ್ಲ, ನವಿಲು ಬಣ್ಣ. ಅದಾಕು."

ಮೂರು ವಾರ ಕಳೆಯಿತು. ಕೋದಂಡಪ್ಪ ದಿನಕ್ಕೆ ಎರಡು ಸಲ ಕೇಳುತ್ತಿದ್ದ, ಹೆಂಗಸರಿಬ್ಬರೂ "ಒಳ್ಳೇ ಕ್ವಾಲಿಟೀದು, ಬತ್ತದೆ" ಎಂದಷ್ಟೇ ಹೇಳುತ್ತಿದ್ದರು. ಆ ಮೂರು ವಾರದಲ್ಲಿ ಅಮ್ಮಾಜಮ್ಮನ ಧೈರ್ಯ ಎಷ್ಟು ಸಲ ಏರಿತೋ ಎಷ್ಟು ಸಲ ಇಳಿಯಿತೋ. ಕೊಟ್ಟಿಗೆಯಲ್ಲಿ ಬಕೆಟ್ಟಿನ ಮೇಲೆ ಕೂತಾಗ ಕೂತೇ ಕೂರುತ್ತೇನೆ ಅನ್ನಿಸುತ್ತಿತ್ತು. ನಡುಮನೆಗೆ ಬಂದು ಕುರ್ಚಿಯಲ್ಲಿದ್ದ ಗಂಡನನ್ನು ನೋಡಿದರೆ ಬೆನ್ನು ತಾನಾಗಿಯೇ ಬಗ್ಗುತ್ತಿತ್ತು. ಥೂ, ನನ್ನ ಮೈಯೇ ನನ್ನ ಮಾತು ಕೇಳುವುದಿಲ್ಲವಲ್ಲ ಎಂದು ತನ್ನ ಮೇಲೇ ಸಿಡುಕುತ್ತಿದ್ದಳು.

ನಾಲ್ಕನೆಯ ಭಾನುವಾರ ಮಗ, ಇಂದ್ರಾಣಿಯ ಗಂಡ ವೇಣು, ತನ್ನ ಬಾಡಿಗೆ ಟೆಂಪೋದಲ್ಲಿ ಸೋಫಾ ತಂದ. ಕೋದಂಡಪ್ಪ ಬಿಳಿ ಅಂಗಿ ಹಾಕಿಕೊಂಡು ಸಿದ್ಧನಾಗಿದ್ದ. ಮುನಿಸ್ವಾಮಪ್ಪನನ್ನೂ ಡೇರಿಯ ಸೊಣ್ಣಪ್ಪನನ್ನೂ ಕರೆಸಿಕೊಂಡಿದ್ದ. ಅವರಿಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಆಟ ಶುರುವಾಗುವುದಕ್ಕೆ ಕಾಯುವವರ ಹಾಗೆ ಕೂತಿದ್ದರು. ಸೋಫಾ ಒಳಗೆ ಬಂತು, ಗೋಡೆಗೆ ಕೂತಿತು.

"ಕೆಂಪಲ್ವಲ್ಲೋ ಇದು!" ಅಂದ ಕೋದಂಡಪ್ಪ.

"ಒಳ್ಳೇ ಮರ ಕಣಣ್ಣ," ಅಂದ ಸೊಣ್ಣಪ್ಪ, ಸೋಫಾದ ಕೈಯನ್ನು ತಟ್ಟಿ ನೋಡಿ. ಮುನಿಸ್ವಾಮಪ್ಪನ ಮುಖ ಸಣ್ಣಗಾಯಿತು. ಅಷ್ಟಕ್ಕೇ ಕೋದಂಡಪ್ಪ ಬಣ್ಣ ಮರೆತ. ವೇಣು ಮೇಲೆ ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚಲು ಹೋದಾಗ, "ಮುಟ್ಬ್ಯಾಡ ಕಣ್ಲಾ, ಧೂಳು ಬೀಳ್ತದೆ. ಅಂಗೇ ಇರ್ಲಿ," ಎಂದು ಗದರಿದ. ಅಂಗಿ ಸರಿಪಡಿಸಿಕೊಂಡು, ಬೆನ್ನು ತಿರುಗಿಸಿ, ದೊಡ್ಡಸ್ತಿಕೆಯಿಂದ ಕೂತ.

ಕಾಲು ನೆಲಕ್ಕೆ ಎಟುಕಲಿಲ್ಲ.

ಎರಡು ಪಾದವೂ ಗಾಳಿಯಲ್ಲಿ ನೇತಾಡಿದವು. ಅವನು ಮುಂದಕ್ಕೆ ಸರಿದ, ಪ್ಲಾಸ್ಟಿಕ್ಕಿನ ಮೇಲೆ ಸರ್ರನೆ ಜಾರಿದ. ಹಿಂದಕ್ಕೆ ಸರಿದ, ಪಾದ ಮತ್ತೂ ಮೇಲೆ ಹೋಯಿತು. ಕಾಲ ಮೇಲೆ ಕಾಲು ಹಾಕಲು ನೋಡಿದ, ಒಂದು ಪಕ್ಕಕ್ಕೆ ವಾಲಿದ. ಸೊಣ್ಣಪ್ಪ ಕೆಮ್ಮಿದ. ಮುನಿಸ್ವಾಮಪ್ಪನ ಮುಖಕ್ಕೆ ಹೋಗಿದ್ದ ಕಳೆ ಪೂರ್ತಿ ವಾಪಸು ಬಂತು.

"ಏನಣ್ಣ, ತೊಟ್ಲಲ್ಲಿ ಕುಂತಂಗೈತೆ," ಅಂದ.

ಕೋದಂಡಪ್ಪನ ಕಿವಿ ಕೆಂಪಾಯಿತು. ಅಡುಗೆಮನೆಯ ಬಾಗಿಲಲ್ಲಿ ಎಂದಿನಂತೆ ಬಗ್ಗಿ ನಿಂತಿದ್ದ ಹೆಂಡತಿಯನ್ನು ನೋಡಿ, "ಏನೇ, ಅಂಗೇ ನಿಂತಿದೀಯಲ್ಲ! ಅಟ್ಟದ ಮೇಲೆ ಮಣೆ ಐತೆ, ತಂದು ಕಾಲ್ಕೆಳಗಿಡು," ಅಂದ.

ಅಮ್ಮಾಜಮ್ಮ ಒಳಗೆ ಹೋದಳು. ಇಂದ್ರಾಣಿ ಅತ್ತ ಕಡೆಗೆ ಕತ್ತು ಚಾಚಿದಳು. ಇಷ್ಟೆಲ್ಲ ಮಾಡಿ ಕೊನೆಗೆ ಮಣೆ ತರುತ್ತಾಳಾ ಈ ಅತ್ತೆ?

ಅಮ್ಮಾಜಮ್ಮ ಅಟ್ಟದ ಕೆಳಗೆ ನಿಂತು ಮೇಲೆ ನೋಡಿದಳು. ಮಣೆಯ ಅಂಚು ಕಾಣುತ್ತಿತ್ತು. ಮದುವೆಯ ಅರಿಸಿನ ಇನ್ನೂ ಅದರ ಸಂದಿಯಲ್ಲಿ ಇದ್ದಿರಬೇಕು. ಅವತ್ತು ಆ ಮಣೆಯನ್ನು ಅವನ ಕಾಲ ಕೆಳಗೆ ಹಾಕಿದಾಗ ಇವಳನ್ನು ಒಂದು ಮಾತು ಕೇಳಿರಲಿಲ್ಲ. ಕೇಳದೆಯೇ ಅವನನ್ನು ಏರಿಸಿದರು, ಕೇಳದೆಯೇ ಇವಳನ್ನು ಇಳಿಸಿದರು. ಈಗ ಮತ್ತೆ ಅದನ್ನೇ ತಂದುಕೊಡಬೇಕು, ಅದೂ ಹತ್ತಲಾಗದ ಈ ಮಂಡಿಯಿಂದ ಏಣಿ ಹತ್ತಿ! ಅವಳಿಗೆ ಎಲ್ಲಿತ್ತೋ ಸಿಟ್ಟು ಬಂತು. ಸಾಯಿಕುಮಾರನ ಮೇಲೆ ಬಂದದ್ದಕ್ಕಿಂತ ನೂರು ಪಾಲು ಬಂತು. ಅಟ್ಟದ ಕೆಳಗೆ ಗೋಡೆಗೆ ಸಿಕ್ಕಿಸಿದ್ದ ಹುಲ್ಲು ಕೊಯ್ಯುವ ಕುಡುಗೋಲನ್ನು ಎಳೆದುಕೊಂಡು ನಡುಮನೆಗೆ ಬಂದಳು.

ಕುಡುಗೋಲು ಹಿಡಿದು ಬಂದವಳನ್ನು ಕಂಡು ಮುನಿಸ್ವಾಮಪ್ಪ ಕಾಲನ್ನು ಕುರ್ಚಿಯ ಮೇಲಕ್ಕೆತ್ತಿಕೊಂಡ.

ಅಮ್ಮಾಜಮ್ಮ ಯಾರ ಕಡೆಗೂ ನೋಡಲಿಲ್ಲ. ಸೋಫಾದ ಹತ್ತಿರ ಬಂದು ಕುಡುಗೋಲಿನ ತುದಿಯಿಂದ ಪ್ಲಾಸ್ಟಿಕ್ಕನ್ನು ಆ ಕಡೆಯಿಂದ ಈ ಕಡೆಗೆ ಚರ್ರನೆ ಸೀಳಿದಳು. ಗಂಡ ಕೂತಿದ್ದ ಜಾಗದವರೆಗೆ ಸೀಳಿ ನಿಲ್ಲಿಸಿ, ಪ್ಲಾಸ್ಟಿಕ್ಕನ್ನು ಮುದ್ದೆ ಮಾಡಿ ಪಕ್ಕಕ್ಕೆ ಎಸೆದಳು. ನವಿಲು ಬಣ್ಣದ ಬಟ್ಟೆ ಈಚೆ ಬಂತು. ಕುಡುಗೋಲನ್ನು ಮಗನ ಕೈಗೆ ಕೊಟ್ಟು, ಸೆರಗು ಹೊದ್ದುಕೊಂಡು, ಗಂಡನ ಪಕ್ಕದಲ್ಲಿ ಕೂತಳು. ಎರಡು ಪಾದವೂ ನೆಲದ ಮೇಲೆ ಪೂರ್ತಿಯಾಗಿ ಊರಿದವು. ಸುಬ್ರಮಣಿ ಹೇಳಿದ್ದು ನೆನಪಾಗಿ ಬೆನ್ನನ್ನು ನೇರ ಮಾಡಿದಳು.

"ಏನೇ ಇದು?" ಅಂದ ಕೋದಂಡಪ್ಪ. "ಜನ ಅವ್ರೆ, ಕಾಣಾಕಿಲ್ವಾ? ಏಳೇ ಮೇಲಕ್ಕೆ. ಮಣೆ ಎಲ್ಲಿ?"

"ಮಣೆ ಅಟ್ಟದ ಮೇಲೈತೆ. ಬೇಕಾದ್ರೆ ನೀವೇ ಇಳಿಸ್ಕಳಿ. ನಂಗೆ ಮಂಡಿ ನೋವು."

"ನನ್ನ ತಲೆಗಿಂತ ಮೇಲೈತೆ ನಿನ್ ತಲೆ! ನಮ್ಮಮ್ಮ ಇದ್ದಿದ್ರೆ..."

"ಮದ್ವೆ ದಿನದಿಂದ್ಲೂ ಮೇಲೇ ಇತ್ತು," ಅಂದಳು ಅಮ್ಮಾಜಮ್ಮ. ಅವಳು ಕೂಗಲಿಲ್ಲ, ಮೂವರು ಗಂಡಸರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. "ಅವತ್ತು ನೀವು ಮಣೆ ಮೇಲೆ ನಿಂತಿದ್ರಿ, ನಾನು ಬಗ್ಗಿದ್ದೆ. ಇವತ್ತು ಮಣೇನೂ ಇಲ್ಲ, ನಾನು ಬಗ್ಗಾದೂ ಇಲ್ಲ. ಅಷ್ಟೇ."

ಸೊಣ್ಣಪ್ಪ ಎದ್ದು ಪಂಚೆ ಕೊಡವಿಕೊಂಡು, ಡೇರಿಯಲ್ಲಿ ಕೆಲಸ ಇದೆ ಎಂದು ಹೊರಟ. ಭಾನುವಾರ ಮಧ್ಯಾಹ್ನ ಡೇರಿಯಲ್ಲಿ ಏನು ಕೆಲಸವೋ ದೇವರಿಗೇ ಗೊತ್ತು. ಮುನಿಸ್ವಾಮಪ್ಪನಿಗೆ ಹೋಗಲು ಮನಸ್ಸಿರಲಿಲ್ಲ, ಆದರೆ ವೇಣು ಕುಡುಗೋಲು ಹಿಡಿದುಕೊಂಡೇ ಬಾಗಿಲ ಕಡೆ ನೋಡಿದ್ದರಿಂದ ಅವನೂ ಎದ್ದ. ಕೋದಂಡಪ್ಪ ಇನ್ನೂ ಸ್ವಲ್ಪ ಹೊತ್ತು ಕಾಲು ನೇತಾಡಿಸಿಕೊಂಡು ಕೂತಿದ್ದ. ಆಮೇಲೆ ಜಾರಿ ಇಳಿದು, ತನ್ನ ಹಳೆಯ ಪ್ಲಾಸ್ಟಿಕ್ ಕುರ್ಚಿಗೆ ಹೋಗಿ ಕೂತ. ಅಲ್ಲಿ ಅವನ ಪಾದ ನೆಲಕ್ಕೆ ಸರಿಯಾಗಿ ಎಟುಕಿತು.

ಇಂದ್ರಾಣಿ ಬಾಗಿಲ ಬಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದಳು. ಅವಳ ಕಾರ್ಖಾನೆಯಲ್ಲಿ ಹೊಲಿದು ಮುಗಿಸಿದ ಸೋಫಾದ ಮೇಲೆ ಕೆಲಸದವರು ಕೂತರೆ ಒಂದು ದಿನದ ಕೂಲಿ ಕತ್ತರಿಸುತ್ತಾರೆ ಎಂದು ಅವಳು ಒಮ್ಮೆ ಹೇಳಿದ್ದು ಅಮ್ಮಾಜಮ್ಮನಿಗೆ ನೆನಪಿತ್ತು. ಏಳು ವರ್ಷ ಸೋಫಾ ಹೊಲಿದವಳು ಒಂದು ಸಲವೂ ಒಂದರ ಮೇಲೂ ಕೂತಿರಲಿಲ್ಲ.

ಅಮ್ಮಾಜಮ್ಮ ಸೋಫಾದ ಮೇಲೆ ಉಳಿದಿದ್ದ ಪ್ಲಾಸ್ಟಿಕ್ಕನ್ನೂ ಎಳೆದು ಹಾಕಿ, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಬಾರಮ್ಮಿ, ಕುಂತ್ಕ," ಅಂದಳು. "ವೇಣು, ಮೂರು ಲೋಟ ಕಾಫಿ ಮಾಡ್ಕಂಡು ಬಾ. ನಿಮ್ಮಪ್ಪಂಗೂ ಒಂದು ಕೊಡು."

ಇಂದ್ರಾಣಿ ಬಂದು ಮಾವನ ಎದುರಿಗೇ ಕೂತಳು.